ಚಾಲನೆಯಾದ ಕೂಡಲೇ ಸ್ಥಗಿತಗೊಳ್ಳುವ ಕಳೆ ಕತ್ತರಿಸುವ ಯಂತ್ರ: ದೋಷ ಪತ್ತೆಯ ಕ್ರಮ

ಅಧ್ಯಯನ ಪಾಠ – ಗ್ರಾಮ ಪಂಚಾಯಿತಿ ಆಸ್ತಿಗಳ ನಿರ್ವಹಣೆ

ಪೀಠಿಕೆ

ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ಶಾಲಾ ಆವರಣ, ಅಂಗನವಾಡಿಯ ಹಿತ್ತಲು, ಸ್ಮಶಾನದ ದಾರಿ, ಕುಡಿಯುವ ನೀರಿನ ಟ್ಯಾಂಕಿನ ಸುತ್ತಮುತ್ತ ಹುಲ್ಲು ಮತ್ತು ಪಾರ್ಥೇನಿಯಂ ಗಿಡಗಳು ಮೊಣಕಾಲೆತ್ತರಕ್ಕೆ ಬೆಳೆಯುತ್ತವೆ. ಇವುಗಳನ್ನು ತೆರವುಗೊಳಿಸಲೆಂದು ಖರೀದಿಸಿದ ಪೆಟ್ರೋಲ್ ಚಾಲಿತ ಬ್ರಷ್ ಕಟರ್ ಯಂತ್ರವು ಬಹುತೇಕ ಅದೇ ವಾರದಲ್ಲಿ ಕೈಕೊಡುತ್ತದೆ. ಹಗ್ಗ ಎಳೆದರೆ ಎಂಜಿನ್ ಚಾಲೂ ಆಗುತ್ತದೆ. ಆದರೆ ಅರ್ಧ ನಿಮಿಷ ಕಳೆಯುವುದರೊಳಗೆ ನಿಂತುಹೋಗುತ್ತದೆ. "ಎಂಜಿನ್ ಹೋಗಿದೆ" ಎಂಬ ಒಂದೇ ಮಾತಿನ ಮೇಲೆ ಯಂತ್ರವು ದಾಸ್ತಾನು ಕೊಠಡಿಯ ಮೂಲೆ ಸೇರುತ್ತದೆ. ಮುಂದಿನ ಸಾಮಾನ್ಯ ಸಭೆಗೆ ಹೊಸ ಯಂತ್ರದ ಖರೀದಿ ಪ್ರಸ್ತಾವನೆ ಬರುತ್ತದೆ.

ವಾಸ್ತವದಲ್ಲಿ ಚಾಲೂ ಆಗುವ ಎಂಜಿನ್ ಸಂಪೂರ್ಣ ಕೆಟ್ಟಿರುವುದು ವಿರಳ. ಇಂಧನ ಸೋಸುವ ಸಣ್ಣ ಫಿಲ್ಟರ್, ಬಿರುಕು ಬಿಟ್ಟ ರಬ್ಬರ್ ಕೊಳವೆ, ಹಳತಾದ ಪೆಟ್ರೋಲ್, ಮಸಿ ಕಟ್ಟಿದ ಸೈಲೆನ್ಸರ್ ಜಾಲರಿ – ಇವುಗಳಲ್ಲಿ ಯಾವುದಾದರೊಂದು ಕಾರಣವಾಗಿರುವುದೇ ಹೆಚ್ಚು. ದೋಷವನ್ನು ಕ್ರಮವಾಗಿ ಹುಡುಕುವ ವಿಧಾನ ತಿಳಿದಿದ್ದರೆ ಸಾರ್ವಜನಿಕ ಹಣ ಉಳಿಯುತ್ತದೆ, ಕೆಲಸವೂ ಸಕಾಲದಲ್ಲಿ ಮುಗಿಯುತ್ತದೆ. ಸದಸ್ಯರು ಸ್ವತಃ ಯಂತ್ರ ಬಿಚ್ಚಬೇಕಾಗಿಲ್ಲ. ಆದರೆ ದುರಸ್ತಿ ಅಥವಾ ಖರೀದಿಗೆ ಮಂಜೂರಾತಿ ನೀಡುವ ಮುನ್ನ ಸರಿಯಾದ ಪ್ರಶ್ನೆಗಳನ್ನು ಕೇಳುವಷ್ಟು ತಿಳಿವಳಿಕೆ ಹೊಂದಿರುವುದು ಅವಶ್ಯ.

ಎರಡು ಸ್ಟ್ರೋಕ್ ಎಂಜಿನ್ನಿನ ಸ್ವರೂಪ

ಇಂದಿನ ಮೋಟಾರ್ ಸೈಕಲ್ಲಿನ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಪ್ರತ್ಯೇಕವಾಗಿ ತಳದಲ್ಲಿ ನಿಂತಿರುತ್ತದೆ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಹಾಗಿಲ್ಲ. ಪಿಸ್ಟನ್ ಮೇಲೇರುವಾಗ ಪೆಟ್ರೋಲ್, ಆಯಿಲ್ ಮತ್ತು ಗಾಳಿಯ ಮಿಶ್ರಣವು ಅದರ ಕೆಳಗಿನ ಕೋಣೆಗೆ ಸೆಳೆಯಲ್ಪಡುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣವು ಸಿಲಿಂಡರಿಗೆ ನೂಕಲ್ಪಡುತ್ತದೆ. ಬೇರಿಂಗು, ಪಿಸ್ಟನ್ ಹಾಗೂ ಸಿಲಿಂಡರ್ ಗೋಡೆಗೆ ಜಿಡ್ಡು ದೊರೆಯುವುದು ಈ ಮಿಶ್ರಣದಿಂದ ಮಾತ್ರ. ಆದುದರಿಂದ ಇಂಧನದ ಹರಿವು ಕಡಿಮೆಯಾದರೆ ಶಕ್ತಿಯ ಜೊತೆಗೆ ಜಿಡ್ಡೂ ಕಡಿಮೆಯಾಗುತ್ತದೆ. ಇದು ಈ ಪಾಠದ ಮುಖ್ಯ ಅಂಶ: ನಿಂತು ನಿಂತು ಓಡುವ ಎಂಜಿನ್ನನ್ನು ಬಲವಂತವಾಗಿ ಓಡಿಸಿದರೆ ಸಣ್ಣ ದೋಷವು ಪಿಸ್ಟನ್ ಹಿಡಿದುಕೊಳ್ಳುವ ದೊಡ್ಡ ಹಾನಿಯಾಗಿ ಪರಿಣಮಿಸುತ್ತದೆ.

ಮೊದಲು ಲಕ್ಷಣವನ್ನು ಗಮನಿಸುವುದು

ಯಂತ್ರ ನಿಲ್ಲುವ ರೀತಿಯೇ ದೋಷದ ಸ್ಥಳವನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಆದುದರಿಂದ ಯಂತ್ರ ನಡೆಸುವ ಸಿಬ್ಬಂದಿಯಿಂದ ಈ ಕೆಳಗಿನ ವಿವರವನ್ನು ಪಡೆಯಬೇಕು.

1. ಚೋಕ್ ಹಾಕಿದಾಗ ಓಡಿ, ಚೋಕ್ ತೆಗೆದೊಡನೆ ನಿಲ್ಲುತ್ತದೆಯೇ? ಹಾಗಾದರೆ ಇಂಧನ ಸಾಲುತ್ತಿಲ್ಲ ಅಥವಾ ಎಲ್ಲಿಂದಲೋ ಹೆಚ್ಚುವರಿ ಗಾಳಿ ನುಗ್ಗುತ್ತಿದೆ ಎಂದರ್ಥ. ಫಿಲ್ಟರ್, ಕೊಳವೆ, ಕಾರ್ಬುರೇಟರ್ ಮತ್ತು ಅದರ ಪಕ್ಕದ ಗ್ಯಾಸ್ಕೆಟ್ ಪರಿಶೀಲಿಸಬೇಕು.

2. ಕೆಲವು ನಿಮಿಷ ಚೆನ್ನಾಗಿ ಓಡಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದ ಬಳಿಕ ಮತ್ತೆ ಓಡುತ್ತದೆಯೇ? ಹಾಗಾದರೆ ಟ್ಯಾಂಕಿಗೆ ಗಾಳಿ ಬಿಡುವ ಸೂಕ್ಷ್ಮ ರಂಧ್ರ ಕಟ್ಟಿಕೊಂಡಿದೆ. ಖರ್ಚಾದ ಪೆಟ್ರೋಲಿನ ಜಾಗಕ್ಕೆ ಗಾಳಿ ಬಾರದಿದ್ದರೆ ಪೆಟ್ರೋಲ್ ಮುಂದಕ್ಕೆ ಹರಿಯದು.

3. ನಿಧಾನಗತಿಯಲ್ಲಿ ಓಡಿ, ಆಕ್ಸಿಲರೇಟರ್ ಒತ್ತಿದೊಡನೆ ಉಸಿರು ಕಟ್ಟಿದಂತೆ ನಿಲ್ಲುತ್ತದೆಯೇ? ಏರ್ ಫಿಲ್ಟರಿನ ಧೂಳು, ಸೈಲೆನ್ಸರ್ ಜಾಲರಿಯ ಮಸಿ ಅಥವಾ ಅರ್ಧ ಕಟ್ಟಿದ ಇಂಧನ ಫಿಲ್ಟರ್ ಕಾರಣವಿರಬಹುದು.

4. ಕೆಲಸ ಮಾಡುವಾಗ ಸರಿಯಿದ್ದು, ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ನಿಲ್ಲುತ್ತದೆಯೇ? ನಿಧಾನಗತಿಯ ತಿರುಪಿನ ಹೊಂದಾಣಿಕೆ ತಪ್ಪಿರುವ ಸಾಧ್ಯತೆಯಿದೆ.

5. ಬಿಸಿಯಾದ ನಂತರ ನಿಂತು, ತಣ್ಣಗಾದ ಮೇಲೆ ಮಾತ್ರ ಚಾಲೂ ಆಗುತ್ತದೆಯೇ? ಕಿಡಿ ನೀಡುವ ಕಾಯಿಲ್ ಬಿಸಿಗೆ ಕೈಕೊಡುತ್ತಿರಬಹುದು, ಅಥವಾ ಸಿಲಿಂಡರಿನ ರೆಕ್ಕೆಗಳ ನಡುವೆ ಹುಲ್ಲು ತುಂಬಿ ಎಂಜಿನ್ ಅತಿಯಾಗಿ ಕಾಯುತ್ತಿರಬಹುದು.

ಪರಿಶೀಲನೆಯ ಕ್ರಮ

ಸುಲಭವಾದುದರಿಂದ ಕಠಿಣವಾದುದಕ್ಕೆ, ಖರ್ಚಿಲ್ಲದ ಕೆಲಸದಿಂದ ಖರ್ಚಿನ ಕೆಲಸಕ್ಕೆ ಸಾಗುವುದು ಕ್ರಮ. ಯಾವುದೇ ಪರಿಶೀಲನೆಗೆ ಮುನ್ನ ಎಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಪ್ಲಗ್ಗಿನ ಟೋಪಿಯನ್ನು ಕಳಚಿಡಬೇಕು.

ಇಂಧನ: ಹಳೆಯ ಮಿಶ್ರಣವನ್ನು ಪೂರ್ಣವಾಗಿ ಹೊರತೆಗೆದು ಹೊಸದನ್ನು ಹಾಕುವುದು ಮೊದಲ ಹೆಜ್ಜೆ. ಪ್ರಸ್ತುತ ದೇಶದಲ್ಲಿ ಮಾರಾಟವಾಗುವ ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆಸಲಾಗುತ್ತಿದೆ. ಎಥನಾಲ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ತಿಂಗಳುಗಟ್ಟಲೆ ನಿಂತ ಮಿಶ್ರಣದಲ್ಲಿ ನೀರಿನಂಶ ಬೇರ್ಪಟ್ಟು ತಳ ಸೇರಬಹುದು. ರಬ್ಬರ್ ಭಾಗಗಳೂ ಹಾಳಾಗಬಹುದು. ಆದುದರಿಂದ ಒಂದು ತಿಂಗಳಿಗಿಂತ ಹಳೆಯ ಮಿಶ್ರಣವನ್ನು ಬಳಸದಿರುವುದು ಲೇಸು.

ಆಯಿಲ್ ಪ್ರಮಾಣ: ಯಂತ್ರದ ಕೈಪಿಡಿಯಲ್ಲಿ ಸೂಚಿಸಿದ ಪ್ರಮಾಣವೇ ಅಂತಿಮ. 50:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ., 40:1 ಎಂದಿದ್ದರೆ 25 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಎರಡು ಸ್ಟ್ರೋಕ್ ಆಯಿಲ್ ಬೆರೆಸಬೇಕು. ಅಂದಾಜಿನಲ್ಲಿ ಸುರಿಯದೆ ಅಳತೆ ಲೋಟ ಬಳಸಬೇಕು. ಆಯಿಲ್ ಹೆಚ್ಚಾದರೆ ಪ್ಲಗ್ ಮತ್ತು ಸೈಲೆನ್ಸರ್ ಮಸಿಯಾಗುತ್ತವೆ. ಬೆರೆಸದೆ ಬರಿಯ ಪೆಟ್ರೋಲ್ ಹಾಕಿದರೆ ಎಂಜಿನ್ ಅಲ್ಪಕಾಲದಲ್ಲೇ ಹಿಡಿದುಕೊಳ್ಳುತ್ತದೆ.

ಇಂಧನ ಫಿಲ್ಟರ್ ಮತ್ತು ಕೊಳವೆ: ಟ್ಯಾಂಕಿನೊಳಗೆ ಕೊಳವೆಯ ತುದಿಯಲ್ಲಿ ಪುಟ್ಟ ಫಿಲ್ಟರ್ ಇರುತ್ತದೆ. ಬಾಗಿದ ತಂತಿಯಿಂದ ಅದನ್ನು ಹೊರಗೆಳೆದು ನೋಡಬಹುದು. ಅದು ಕಪ್ಪಾಗಿ ಗಟ್ಟಿಯಾಗಿದ್ದರೆ ಬದಲಿಸಬೇಕು. ಕೊಳವೆಯನ್ನು ಬಗ್ಗಿಸಿ ನೋಡಿದಾಗ ಬಿರುಕು ಕಂಡರೆ ಅದನ್ನೂ ಬದಲಿಸಬೇಕು. ಬಿರುಕಿನಿಂದ ಪೆಟ್ರೋಲ್ ಸೋರದಿದ್ದರೂ ಗಾಳಿ ಒಳನುಗ್ಗುತ್ತದೆ.

ಏರ್ ಫಿಲ್ಟರ್: ಸ್ಪಂಜಿನ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು, ಹಿಂಡಿ, ಪೂರ್ಣ ಒಣಗಿಸಿ ಕೂರಿಸಬೇಕು. ಫಿಲ್ಟರ್ ತೆಗೆದು ಯಂತ್ರ ಓಡಿಸುವ ರೂಢಿ ಸಲ್ಲದು. ಒಳಸೇರಿದ ಧೂಳು ಸಿಲಿಂಡರನ್ನು ಸವೆಸುತ್ತದೆ.

ಸ್ಪಾರ್ಕ್ ಪ್ಲಗ್: ಎಂಜಿನ್ ನಿಂತ ಬಳಿಕ ಪ್ಲಗ್ ಬಿಚ್ಚಿದಾಗ ಅದು ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ, ಒದ್ದೆಯಾಗಿದ್ದರೆ ಕಿಡಿ ಬರುತ್ತಿಲ್ಲ ಅಥವಾ ಪೆಟ್ರೋಲ್ ಅತಿಯಾಗಿದೆ. ತುದಿ ಕಂದು ಬಣ್ಣದಲ್ಲಿದ್ದರೆ ಉರಿಯುವಿಕೆ ಸರಿಯಿದೆ. ಕಪ್ಪು ಮಸಿಯಿದ್ದರೆ ಇಂಧನ ಅಥವಾ ಆಯಿಲ್ ಹೆಚ್ಚಾಗಿದೆ. ಬಿಳಿಚಿಕೊಂಡಿದ್ದರೆ ಇಂಧನ ಸಾಲುತ್ತಿಲ್ಲ. ಇದು ಅಪಾಯದ ಸೂಚನೆ. ಪ್ಲಗ್ಗಿನ ಅಂತರ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಇರುತ್ತದೆ, ಕೈಪಿಡಿಯಂತೆ ಹೊಂದಿಸಬೇಕು.

ಸೈಲೆನ್ಸರ್: ಹೊಗೆ ಹೊರಹೋಗುವಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿಯಿದ್ದರೆ ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಮತ್ತೆ ಕೂರಿಸಬೇಕು. ಒಣಹುಲ್ಲಿನಲ್ಲಿ ಬೆಂಕಿ ಬೀಳದಂತೆ ಕಾಯುವುದು ಇದೇ ಜಾಲರಿಯಾದುದರಿಂದ ಅದನ್ನು ಕಿತ್ತೆಸೆಯಬಾರದು.

ಕಾರ್ಬುರೇಟರ್: ಮೇಲಿನ ಎಲ್ಲವೂ ಸರಿಯಿದ್ದು ದೋಷ ಮುಂದುವರಿದರೆ ಮಾತ್ರ ಕಾರ್ಬುರೇಟರಿಗೆ ಕೈ ಹಾಕಬೇಕು. ಯಾವ ಕೋನದಲ್ಲಿ ಹಿಡಿದರೂ ಓಡಬೇಕಾದ ಇಂತಹ ಯಂತ್ರಗಳ ಕಾರ್ಬುರೇಟರಿನಲ್ಲಿ ತೆಳುವಾದ ಪೊರೆಯೊಂದು ಪೆಟ್ರೋಲನ್ನು ಪಂಪ್ ಮಾಡುತ್ತದೆ, ಇನ್ನೊಂದು ಅದರ ಪ್ರಮಾಣವನ್ನು ನಿಯಂತ್ರಿಸುತ್ತದೆ. ಪೊರೆ ಬಿರುಸಾದರೆ ಅದು ಬಾಗದು, ಪೆಟ್ರೋಲ್ ಸಾಲದು. ಪೊರೆ ಮತ್ತು ಗ್ಯಾಸ್ಕೆಟ್ಟುಗಳು ದುರಸ್ತಿ ಕಿಟ್ ರೂಪದಲ್ಲಿ ದೊರೆಯುತ್ತವೆ. ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ಗೇ ವಹಿಸುವುದು ಸೂಕ್ತ.

ಸಿಲಿಂಡರಿನ ಒತ್ತಡ: ಹಗ್ಗವನ್ನು ನಿಧಾನವಾಗಿ ಎಳೆದಾಗ ಕೈಗೆ ಬಿಗಿತ ತಿಳಿಯಬೇಕು. ಬಿಗಿತವಿಲ್ಲದೆ ಹಗ್ಗ ಸರಾಗವಾಗಿ ಬಂದರೆ, ಅಥವಾ ಸೈಲೆನ್ಸರ್ ಬಿಚ್ಚಿ ನೋಡಿದಾಗ ಪಿಸ್ಟನ್ನಿನ ಮೇಲೆ ಉದ್ದುದ್ದ ಗೀರುಗಳು ಕಂಡರೆ, ಆಗ ಮಾತ್ರ "ಎಂಜಿನ್ ಹೋಗಿದೆ" ಎಂಬ ಮಾತಿಗೆ ಆಧಾರವಿರುತ್ತದೆ.

ತಪ್ಪಿಸಬೇಕಾದ ಎರಡು ರೂಢಿಗಳು

ಚೋಕ್ ಅರ್ಧ ಎಳೆದೇ ದಿನವಿಡೀ ಕೆಲಸ ಮಾಡುವುದು ಮೊದಲನೆಯದು. ಇದರಿಂದ ಯಂತ್ರ ಹೇಗೋ ಓಡುತ್ತದೆ. ಆದರೆ ಮೂಲ ದೋಷ ಬೆಳೆಯುತ್ತಲೇ ಹೋಗುತ್ತದೆ. ಎಂಜಿನ್ ನಿಲ್ಲದಿರಲೆಂದು ತಿರುಪುಗಳನ್ನು ಮನಬಂದಂತೆ ತಿರುಗಿಸುವುದು ಎರಡನೆಯದು. ನಿಧಾನಗತಿಯ ತಿರುಪನ್ನು ಹೆಚ್ಚು ಬಿಗಿದರೆ ಆಕ್ಸಿಲರೇಟರ್ ಬಿಟ್ಟರೂ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಇದು ಕಾರ್ಮಿಕರ ಕಾಲಿಗೆ ನೇರ ಅಪಾಯ. ಆಕ್ಸಿಲರೇಟರ್ ಬಿಟ್ಟಾಗ ಬ್ಲೇಡ್ ನಿಲ್ಲದ ಯಂತ್ರವನ್ನು ಕೆಲಸಕ್ಕೆ ಕಳುಹಿಸಕೂಡದು. ಯಂತ್ರ ಓಡುವಾಗ ಇತರರು ಕನಿಷ್ಠ 15 ಮೀಟರ್ ದೂರದಲ್ಲಿರಬೇಕು. ನಡೆಸುವವರಿಗೆ ಕಣ್ಣಿನ ರಕ್ಷಕ, ಗಟ್ಟಿ ಬೂಟು ಹಾಗೂ ಕಿವಿ ರಕ್ಷಕವನ್ನು ಪಂಚಾಯಿತಿಯೇ ಒದಗಿಸಬೇಕು.

ಸದಸ್ಯರು ವಹಿಸಬೇಕಾದ ಕ್ರಮ

ಯಂತ್ರಕ್ಕೆ ಪ್ರತ್ಯೇಕ ಲಾಗ್ ಪುಸ್ತಕವಿರಲಿ. ಓಡಿದ ಗಂಟೆ, ಬೆರೆಸಿದ ಪೆಟ್ರೋಲ್ ಮತ್ತು ಆಯಿಲ್, ಫಿಲ್ಟರ್ ತೊಳೆದ ದಿನ, ಬದಲಿಸಿದ ಬಿಡಿಭಾಗ ಇವುಗಳನ್ನು ಅದರಲ್ಲಿ ದಾಖಲಿಸಬೇಕು. ಪ್ಲಗ್, ಇಂಧನ ಫಿಲ್ಟರ್ ಹಾಗೂ ಒಂದು ತುಂಡು ಕೊಳವೆಯನ್ನು ಮಳೆಗಾಲಕ್ಕೆ ಮುನ್ನವೇ ದಾಸ್ತಾನಿನಲ್ಲಿ ಇರಿಸಿಕೊಳ್ಳಬೇಕು. ಹಂಗಾಮು ಮುಗಿದ ಬಳಿಕ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ತೀರಿ ತಾನಾಗಿ ನಿಲ್ಲುವವರೆಗೆ ಎಂಜಿನ್ನನ್ನು ನಿಧಾನಗತಿಯಲ್ಲಿ ಓಡಿಸಿ ಒಣ ಸ್ಥಳದಲ್ಲಿಡಬೇಕು. ಮುಂದಿನ ಮಳೆಗಾಲದ ಬಹುಪಾಲು ತೊಂದರೆಗಳು ಈ ಒಂದು ಕೆಲಸದಿಂದ ತಪ್ಪುತ್ತವೆ.

ದುರಸ್ತಿ ಬಿಲ್ಲಿನಲ್ಲಿ "ಎಂಜಿನ್ ರಿಪೇರಿ" ಎಂದಷ್ಟೇ ಬರೆದಿದ್ದರೆ ಸಾಲದು. ಯಾವ ಭಾಗ ಬದಲಾಯಿತು ಎಂಬ ವಿವರ ಇರಬೇಕು. ತೆಗೆದ ಹಳೆಯ ಭಾಗವನ್ನು ಹಿಂದಕ್ಕೆ ಪಡೆಯಬೇಕು.

ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ಪಂಚಾಯಿತಿಯ ದಾಸ್ತಾನಿನಲ್ಲಿ ನಿರುಪಯುಕ್ತವೆಂದು ಇರಿಸಿದ ಯಂತ್ರಗಳೆಷ್ಟು? ಅವುಗಳ ದೋಷವನ್ನು ಕ್ರಮವಾಗಿ ಪರಿಶೀಲಿಸಲಾಗಿದೆಯೇ?

2. ಮಿಶ್ರಣ ತಯಾರಿಸುವವರು ಯಾರು? ಅವರಲ್ಲಿ ಅಳತೆ ಲೋಟವಿದೆಯೇ?

3. ಯಂತ್ರ ನಡೆಸುವ ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ ದೊರೆತಿದೆಯೇ, ಅವರು ಅದನ್ನು ಬಳಸುತ್ತಿದ್ದಾರೆಯೇ?

4. ಹೊಸ ಯಂತ್ರದ ಪ್ರಸ್ತಾವನೆಯೊಂದಿಗೆ ಹಳೆಯ ಯಂತ್ರದ ಪರಿಶೀಲನಾ ವರದಿಯನ್ನು ಲಗತ್ತಿಸಲಾಗಿದೆಯೇ?