ಕಂಪ್ಯೂಟರಿಗೂ ಬೇಕು ಬಿತ್ತನೆ ಬೀಜ

ಮಕ್ಕಳೇ, ಬೆಳೆದ ರಾಗಿಯನ್ನೆಲ್ಲ ರೈತರು ಹಿಟ್ಟು ಮಾಡಿಸುವುದಿಲ್ಲ, ಗಮನಿಸಿದ್ದೀರಾ? ಒಳ್ಳೆಯ ತೆನೆಗಳನ್ನು ಆರಿಸಿ, ಕಾಳನ್ನು ಚೆನ್ನಾಗಿ ಒಣಗಿಸಿ, ಮುಂದಿನ ಬಿತ್ತನೆಗೆಂದು ಬೇರೆಯಾಗಿ ಎತ್ತಿಡುತ್ತಾರೆ. ಬಿತ್ತುವ ಮುನ್ನ ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು, ಎಷ್ಟು ಮೊಳೆತವು ಎಂದು ಎಣಿಸಿ ನೋಡುವವರೂ ಇದ್ದಾರೆ.

ಕಂಪ್ಯೂಟರಿನಲ್ಲಿರುವ ಮಾಹಿತಿಗೂ ಹೀಗೆಯೇ ಬೀಜ ಎತ್ತಿಡಬೇಕು. ಹಾಗೆ ತೆಗೆದಿಟ್ಟ ಹೆಚ್ಚುವರಿ ಪ್ರತಿಗೆ ‘ಬ್ಯಾಕಪ್’ ಎನ್ನುತ್ತಾರೆ. ಮೂಲ ಹಾಳಾದಾಗ ಆ ಪ್ರತಿಯಿಂದ ಮಾಹಿತಿಯನ್ನು ಮರಳಿ ಪಡೆಯುವುದೇ ‘ರಿಕವರಿ’.

ಮಾಯವಾದ ಗೊಂಬೆಗಳು

1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಕ್ಸಾರ್ ಎಂಬ ಸಂಸ್ಥೆಯು ‘ಟಾಯ್ ಸ್ಟೋರಿ 2’ ಎಂಬ ಚಲನಚಿತ್ರ ತಯಾರಿಸುತ್ತಿತ್ತು. ಮಾತನಾಡುವ ಗೊಂಬೆಗಳೇ ಅದರ ಪಾತ್ರಧಾರಿಗಳು. ಗೊಂಬೆ, ಮನೆ, ಮರ ಎಲ್ಲವೂ ಕಂಪ್ಯೂಟರಿನೊಳಗೆ ಕಡತಗಳಾಗಿ ಇದ್ದವು. ಒಂದು ದಿನ ಯಾರೋ ತಪ್ಪಿ ಅಳಿಸುವ ಆದೇಶ ಕೊಟ್ಟುಬಿಟ್ಟರು. ತಂತ್ರಜ್ಞ ಓರೆನ್ ಜೇಕಬ್ ನೋಡುತ್ತಿದ್ದಂತೆಯೇ ಕಥಾನಾಯಕ ವುಡಿಯ ಕಡತಗಳು ಮಾಯವಾಗತೊಡಗಿದವು. ಗಾಬರಿಯಿಂದ ಫೋನ್ ಮಾಡಿ, ಕಂಪ್ಯೂಟರಿನ ವಿದ್ಯುತ್ ಕಡಿಯಲು ಹೇಳಿದರು. ಅಷ್ಟರಲ್ಲಿ ಚಿತ್ರದ ಸುಮಾರು ಶೇಕಡ 90 ಭಾಗ ಅಳಿಸಿಹೋಗಿತ್ತು!

ಬ್ಯಾಕಪ್ ಇದೆಯಲ್ಲ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಆದರೆ ಸುಮಾರು ಒಂದು ತಿಂಗಳಿಂದ ಬ್ಯಾಕಪ್ ಸರಿಯಾಗಿ ನಡೆದೇ ಇರಲಿಲ್ಲ. ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಬೀಜವೇನೋ ಇತ್ತು, ಮೊಳೆಯಲಿಲ್ಲ.

ಆಗ ಗ್ಯಾಲಿನ್ ಸುಸ್‌ಮನ್ ಎಂಬ ತಂತ್ರಜ್ಞೆಗೆ ಒಂದು ಸಂಗತಿ ನೆನಪಾಯಿತು. ಅವರಿಗೆ ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ಪ್ರತಿ ಇತ್ತು! ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಆಸನದಲ್ಲಿಟ್ಟು, ಜೋಪಾನವಾಗಿ ತಂದರು. ಸಾವಿರಾರು ಕಡತಗಳನ್ನು ಪರಿಶೀಲಿಸಿ ಕಳೆದುದನ್ನು ಮರಳಿ ಪಡೆದರು. ಮುಂದೆ ಕಥೆಯನ್ನು ಬಹಳಷ್ಟು ತಿದ್ದಿ, 1999ರಲ್ಲಿ ಚಿತ್ರವನ್ನು ಬಿಡುಗಡೆ ಮಾಡಿದರು.

ಅಳಿಸಿದ್ದು ಎಲ್ಲಿ ಹೋಗುತ್ತದೆ?

ನಿಮ್ಮ ಪಠ್ಯಪುಸ್ತಕದ ಪರಿವಿಡಿಯಿಂದ ಒಂದು ಪಾಠದ ಹೆಸರನ್ನು ಅಳಿಸಿದರೆ ಪಾಠವೇ ಮಾಯವಾಗುತ್ತದೆಯೇ? ಇಲ್ಲ. ಹಾರ್ಡ್ ಡಿಸ್ಕ್‌ನಲ್ಲಿಯೂ ಪೆನ್ ಡ್ರೈವ್‌ನಲ್ಲಿಯೂ ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ. ಕಡತವನ್ನು ಅಳಿಸಿದಾಗ ಅದರ ಹೆಸರು ಪಟ್ಟಿಯಿಂದ ಹೋಗುತ್ತದೆ. ಒಳಗಿನ ಮಾಹಿತಿ ಇನ್ನೂ ಅಲ್ಲೇ ಇರುತ್ತದೆ. ಅದೇ ಜಾಗದಲ್ಲಿ ಹೊಸದನ್ನು ಬರೆದಾಗ ಮಾತ್ರ ಹಳೆಯದು ನಾಶವಾಗುತ್ತದೆ. ಆದ್ದರಿಂದ ಪೆನ್ ಡ್ರೈವ್‌ನಿಂದ ಏನಾದರೂ ತಪ್ಪಿ ಅಳಿಸಿಹೋದರೆ ಅದಕ್ಕೆ ಹೊಸದೇನನ್ನೂ ತುಂಬಬೇಡಿ. ತಿಳಿದವರು ವಿಶೇಷ ತಂತ್ರಾಂಶ ಬಳಸಿ ಹುಡುಕಬಲ್ಲರು. ಆದರೆ ಪ್ರತಿ ಬಾರಿಯೂ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಕೆಲವು ಹೊಸ ಬಗೆಯ ಡಿಸ್ಕ್‌ಗಳಲ್ಲಿ ಮಾಹಿತಿ ಬೇಗನೆ ಪೂರ್ತಿ ಅಳಿಸಿಹೋಗುತ್ತದೆ. ಬ್ಯಾಕಪ್ ಬೇಕಾಗುವುದು ಅದಕ್ಕಾಗಿಯೇ.

ಮೂರು, ಎರಡು, ಒಂದು

ಬ್ಯಾಕಪ್‌ಗೆ ಸುಲಭವಾದ ಒಂದು ಸೂತ್ರವಿದೆ.

3 – ಮೂಲವೂ ಸೇರಿ ಒಟ್ಟು ಮೂರು ಪ್ರತಿಗಳಿರಲಿ.

2 – ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಉದಾಹರಣೆಗೆ ಹಾರ್ಡ್ ಡಿಸ್ಕ್ ಮತ್ತು ಪೆನ್ ಡ್ರೈವ್.

1 – ಒಂದು ಪ್ರತಿ ಬೇರೆ ಸ್ಥಳದಲ್ಲಿರಲಿ. ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಕಳ್ಳತನವಾದರೆ ಒಂದೇ ಕೋಣೆಯಲ್ಲಿದ್ದ ಮೂರೂ ಪ್ರತಿಗಳು ಒಟ್ಟಿಗೇ ಹೋಗುತ್ತವೆ.

ಸುಸ್‌ಮನ್ ಅವರ ಪ್ರತಿ ಉಳಿದದ್ದು ಅದು ಬೇರೆ ಕಡೆ ಇದ್ದುದರಿಂದಲೇ ಅಲ್ಲವೇ?

ಮಾಡಿ ನೋಡಿ

1. ಶಾಲೆಯ ಕಂಪ್ಯೂಟರಿನಲ್ಲಿ ನಿಮ್ಮ ಊರಿನ ಬಗ್ಗೆ ಹತ್ತು ಸಾಲು ಟೈಪು ಮಾಡಿ. ಶಿಕ್ಷಕರ ನೆರವಿನಿಂದ ಅದನ್ನು ಪೆನ್ ಡ್ರೈವ್‌ಗೆ ನಕಲು ಮಾಡಿ. ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ಹತ್ತೂ ಸಾಲು ಇವೆಯೇ ಎಂದು ಓದಿ. ಇದೇ ನಿಮ್ಮ ಮೊಳಕೆ ಪರೀಕ್ಷೆ.

2. ಮನೆಯ ಮೊಬೈಲ್‌ನಲ್ಲಿ ಮಾತ್ರ ಇರುವ, ಕಳೆದರೆ ಮತ್ತೆ ಸಿಗದ ಫೋಟೊಗಳು ಯಾವುವು? ಅಜ್ಜನದೇ? ಅಕ್ಕನ ಮದುವೆಯದೇ? ಪಟ್ಟಿ ಮಾಡಿ. ಅವುಗಳ ಇನ್ನೊಂದು ಪ್ರತಿ ಎಲ್ಲಿಡಬಹುದೆಂದು ಮನೆಯವರೊಡನೆ ಚರ್ಚಿಸಿ, ಈ ವಾರವೇ ತೆಗೆದಿಡಿ. ತೆಗೆದಿಟ್ಟ ಮೇಲೆ ಒಮ್ಮೆ ತೆರೆದು ನೋಡುವುದನ್ನು ಮರೆಯಬೇಡಿ.