ಕೆನ್ನೆ ಮೂಳೆ ಮುರಿದರೆ

ಈ ಸಲದ ಗೋಡೆ ಪತ್ರಿಕೆಗೆ ಮೇಷ್ಟ್ರು ‘ನಮ್ಮ ಶರೀರ’ ಅಂತ ವಿಷಯ ಕೊಟ್ಟ ಕೂಡಲೇ ಹೃದಯ, ಕಣ್ಣು, ಮೆದುಳು ಎಲ್ಲವನ್ನೂ ನೀವೇ ಹಂಚಿಕೊಂಡುಬಿಟ್ಟಿರಿ. ನನಗೆ ಉಳಿದದ್ದು ಮೂಳೆ. ಅದರಲ್ಲಿ ಕೆನ್ನೆ ಮೂಳೆಯನ್ನೇ ಆರಿಸಿಕೊಂಡೆ. ಯಾಕೆಂದರೆ ಹೋದ ಸುಗ್ಗಿಯಲ್ಲಿ ನಮ್ಮ ಚಿಕ್ಕಪ್ಪನ ಕೆನ್ನೆ ಮೂಳೆ ಮುರಿದಿತ್ತು, ಎಂಟು ದಿನ ಮನೆಯಲ್ಲಿ ಯಾರಿಗೂ ಅದು ಗೊತ್ತೇ ಆಗಲಿಲ್ಲ.

ಮೊದಲು ಮೂಳೆ ಎಲ್ಲಿದೆ ಅಂತ ಮುಟ್ಟಿ ನೋಡಿಕೊಳ್ಳಿ. ಕಣ್ಣಿನ ಕೆಳಗೆ ಗಟ್ಟಿಯಾಗಿ ಉಬ್ಬಿಕೊಂಡಿರುವುದೇ ಅದು. ಅಲ್ಲಿಂದ ಬೆರಳನ್ನು ಕಿವಿಯ ಕಡೆಗೆ ಸರಿಸಿದರೆ ಒಂದು ತೆಳ್ಳನೆಯ ಸೇತುವೆ ಸಿಗುತ್ತದೆ. ಅದನ್ನು ಕೆನ್ನೆಯ ಕಮಾನು ಅನ್ನುತ್ತಾರೆ. ತಲೆಬುರುಡೆಯಲ್ಲಿ ಒಟ್ಟು 22 ಮೂಳೆಗಳಿವೆ, ಮುಖದ್ದು 14. ಅದರಲ್ಲಿ ಕೆನ್ನೆ ಮೂಳೆಗಳು ಎರಡು. ಒಂದೊಂದೂ ಅಕ್ಕಪಕ್ಕದ ನಾಲ್ಕು ಮೂಳೆಗಳಿಗೆ ಅಂಟಿಕೊಂಡಿದೆ. ನಾಲ್ಕು ಕಾಲಿನ ಸ್ಟೂಲು ನೆನೆಸಿಕೊಳ್ಳಿ. ಮೇಲಿನಿಂದ ಜೋರಾಗಿ ಪೆಟ್ಟು ಬಿದ್ದರೆ ಹಲಗೆ ಸೀಳುವುದಿಲ್ಲ, ಕಾಲುಗಳು ಕಿತ್ತು ಬರುತ್ತವೆ. ಕೆನ್ನೆ ಮೂಳೆಯೂ ಹಾಗೇ. ನಡುಭಾಗ ಗಟ್ಟಿ, ಸೇರುವ ಜಾಗಗಳಲ್ಲಿ ಬಿಟ್ಟುಕೊಂಡು ಇಡೀ ಮೂಳೆ ಒಳಕ್ಕೆ ಕುಸಿಯುತ್ತದೆ. ಕೆಲವು ಸಲ ಕಮಾನು ಮಾತ್ರ ಮುರಿದು ತಗ್ಗಾಗುತ್ತದೆ. ಬಿರುಕು ಬಿಟ್ಟರೂ ಜಾಗ ತಪ್ಪದೆ ಇರುವುದೂ ಉಂಟು.

ಮುರಿಯುವುದಕ್ಕೆ ಕಾರಣ ಬೈಕಿನಿಂದ ಬೀಳುವುದು, ಹೊಡೆದಾಟ, ಮರದಿಂದ ಬೀಳುವುದು, ಕಾರ್ಕ್ ಚೆಂಡಿನ ಏಟು ಇಂಥವು. ಇಲ್ಲಿ ಒಂದು ಮಾತು. ಅನಿಲ್ ಕುಂಬ್ಳೆ 2002ರಲ್ಲಿ ಆಂಟಿಗುವಾದಲ್ಲಿ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಬೌಲಿಂಗ್ ಮಾಡಿ ಲಾರಾನನ್ನು ಔಟ್ ಮಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಅವರಿಗೆ ಮುರಿದದ್ದು ದವಡೆ, ಕೆನ್ನೆ ಮೂಳೆ ಅಲ್ಲ. ನಮ್ಮ ಕ್ಲಾಸಿನಲ್ಲಿ ಇಬ್ಬರು ಇದಕ್ಕೇ ಜಗಳ ಆಡಿದ್ದರು.

ಚಿಕ್ಕಪ್ಪನಿಗೆ ಆದದ್ದು ಹೋರಿಯಿಂದ. ಗಾಡಿ ಹೂಡುವಾಗ ನೊಣ ಕಚ್ಚಿತೋ ಏನೋ, ಅದು ತಲೆ ಒದರಿತು, ಕೊಂಬು ಬಂದು ಎಡಗೆನ್ನೆಗೆ ಬಡೀತು. ಮೂಗಿನ ಎಡ ಹೊಳ್ಳೆಯಿಂದ ರಕ್ತ ಬಂತು. ಸಂಜೆಗೆ ಮುಖ ಬೂದುಗುಂಬಳದ ಹಾಗೆ ಊದಿ ಕಣ್ಣು ಮುಚ್ಚಿಹೋಯಿತು. ಅಜ್ಜಿ ಉಪ್ಪಿನ ಬಿಸಿ ಶಾಖ ಕೊಟ್ಟಳು, ಪಕ್ಕದ ಮನೆಯವರು ಎಣ್ಣೆ ಹಚ್ಚಿ ನೀವಿದರು. ಎರಡೂ ತಪ್ಪು ಅಂತ ಆಮೇಲೆ ಡಾಕ್ಟ್ರು ಹೇಳಿದರು. ಹೊಸ ಪೆಟ್ಟಿಗೆ ಬಟ್ಟೆಯಲ್ಲಿ ಸುತ್ತಿದ ಐಸು ಅಥವಾ ತಣ್ಣೀರಿನ ಬಟ್ಟೆ ಇಡಬೇಕು, ಒತ್ತಬಾರದು. ಮೂಗು ಸೀನಲೂಬಾರದು. ಕೆನ್ನೆಯ ಒಳಗೆ ಗಾಳಿ ತುಂಬಿದ ಪೊಳ್ಳು ಇದೆ. ಮೂಳೆ ಒಡೆದಿದ್ದರೆ ಸೀನಿದ ಗಾಳಿ ಅಲ್ಲಿಂದ ನುಗ್ಗಿ ಕಣ್ಣಿನ ಸುತ್ತ ಊದಿಕೊಳ್ಳುತ್ತದೆ.

ನಮಗೆ ಮೋಸ ಮಾಡಿದ್ದು ಬಾವು. ಮೂಳೆ ಕುಸಿದು ತಗ್ಗು ಬಿದ್ದಿದ್ದರೂ ಬಾವು ಆ ತಗ್ಗನ್ನು ತುಂಬಿಬಿಡುತ್ತದೆ. ಬಾವು ಇಳಿದಾಗ ಎಲ್ಲರೂ “ವಾಸಿ ಆಯ್ತು” ಅಂದರು. ಚಿಕ್ಕಪ್ಪ ಮಾತ್ರ ರೊಟ್ಟಿ ಬಾಯಿಗೆ ಹಿಡಿಸುತ್ತಿಲ್ಲ ಅನ್ನುತ್ತಿದ್ದ. ಎಡಗಡೆ ಮೇಲ್ತುಟಿ ಜೋಮು ಹಿಡಿದಿತ್ತು, ಕಾಫಿ ಸೋರಿದರೂ ತಿಳೀತಿರಲಿಲ್ಲ. ಒಂದು ದಿನ ಗಡ್ಡ ಕೆರೆದುಕೊಳ್ಳುವಾಗ ಮೂಗಿನ ಪಕ್ಕ ಕೊಯ್ದುಕೊಂಡು, ಕನ್ನಡಿಯಲ್ಲಿ ರಕ್ತ ನೋಡಿದ ಮೇಲೇ ಗೊತ್ತಾಗಿದ್ದು. ಆಗ ನಮ್ಮಪ್ಪ ಹೆದರಿ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋದ. ನಾನೂ ಹೋಗಿದ್ದೆ.

ಅಲ್ಲಿ ನಮ್ಮನ್ನು ಹಲ್ಲಿನ ವಿಭಾಗಕ್ಕೆ ಕಳಿಸಿದರು. ಕೆನ್ನೆಗೆ ಹಲ್ಲಿನ ಡಾಕ್ಟ್ರು ಯಾಕೆ ಅಂತ ನನಗೆ ನಗು ಬಂತು. ಹಲ್ಲಿನ ಡಾಕ್ಟರರಲ್ಲಿ ಬಾಯಿ, ದವಡೆ ಮತ್ತು ಮುಖದ ಆಪರೇಷನ್ ಕಲಿತವರು ಬೇರೆಯೇ ಇರುತ್ತಾರಂತೆ. ಅವರು ಚಿಕ್ಕಪ್ಪನ ಹಿಂದೆ ನಿಂತು ನೆತ್ತಿಯ ಮೇಲಿಂದ ಬಗ್ಗಿ ನೋಡಿದರು. ನನಗೂ ತೋರಿಸಿದರು. ಎದುರಿಗೆ ಕಾಣದಿದ್ದದ್ದು ಮೇಲಿಂದ ಸ್ಪಷ್ಟವಾಗಿ ಕಂಡಿತು, ಎಡಗೆನ್ನೆ ಚಪ್ಪಟೆ! ಆಮೇಲೆ ಬೆರಳು ಎಷ್ಟು ಎಂದು ಕೇಳಿದರು, ಎರಡೆರಡು ಕಾಣುತ್ತಾ ಅಂತ ಕೇಳಿದರು. ಬಾಯಿಗೆ ಮೂರು ಬೆರಳು ಉದ್ದುದ್ದ ನಿಲ್ಲಿಸಿ ಅಂದರು, ಎರಡೂ ಹೋಗಲಿಲ್ಲ. ನೀವೂ ಮಾಡಿ ನೋಡಿ, ನಿಮ್ಮ ಮೂರು ಬೆರಳು ನಿಮ್ಮ ಬಾಯಿಗೆ ಹಿಡಿಸಬೇಕು. ಅಗಿಯುವ ಒಂದು ಸ್ನಾಯು ಕಮಾನಿನ ಕೆಳಗೇ ಹಾದುಹೋಗುತ್ತದೆ. ಕಮಾನು ಒಳಕ್ಕೆ ತಗ್ಗಾದರೆ ದವಡೆಗೆ ಅಡ್ಡ ಬರುತ್ತದೆ. ಜೋಮಿಗೆ ಕಾರಣ, ಕಣ್ಣಿನ ಕೆಳಗಿನ ಸಣ್ಣ ತೂತಿನಿಂದ ತುಟಿಗೆ ಬರುವ ನರಕ್ಕೆ ಆದ ಪೆಟ್ಟು.

ಸಿ.ಟಿ. ಸ್ಕ್ಯಾನ್ ಆಯಿತು. ಮೂಳೆ ಜಾಗ ಬಿಡದಿದ್ದರೆ ಆಪರೇಷನ್ ಬೇಕಿಲ್ಲ, ಮೆತ್ತನೆ ಊಟ ಮಾಡಿ ಆ ಪಕ್ಕಕ್ಕೆ ಮಲಗದಿದ್ದರೆ ಸಾಕು. ಕುಸಿದಿದ್ದರೆ ಸುಮಾರು ಎರಡು ವಾರದೊಳಗೆ ಎತ್ತಿ ಕೂರಿಸಬೇಕು. ತಡವಾದರೆ ಅದು ತಪ್ಪು ಜಾಗದಲ್ಲೇ ಬೆಸೆದುಕೊಳ್ಳುತ್ತದೆ, ಬಿಡಿಸಲು ಮತ್ತೆ ಮುರಿಯಬೇಕು. ಚಿಕ್ಕಪ್ಪನಿಗೆ ಹನ್ನೊಂದನೇ ದಿನ ಆಪರೇಷನ್ ಆಯಿತು. ಮೇಲ್ದವಡೆಯ ವಸಡಿನ ಹತ್ತಿರ ಮತ್ತು ಹುಬ್ಬಿನ ತುದಿಯಲ್ಲಿ ಕೊಯ್ದು, ಮೂಳೆ ಎತ್ತಿ, ಟೈಟೇನಿಯಂ ಎಂಬ ಲೋಹದ ಪುಟ್ಟ ಪ್ಲೇಟುಗಳನ್ನು ಸ್ಕ್ರೂ ಹಾಕಿ ಕೂರಿಸಿದರು. ತೊಂದರೆ ಕೊಡದಿದ್ದರೆ ಅವು ಒಳಗೇ ಇರುತ್ತವೆ. ಕಮಾನು ಮಾತ್ರ ಮುರಿದಿದ್ದರೆ ಇನ್ನೊಂದು ಉಪಾಯ ಇದೆ. ಕಿವಿಯ ಮೇಲ್ಗಡೆ ಕೂದಲೊಳಗೆ ಸಣ್ಣದಾಗಿ ಕೊಯ್ದು, ಉದ್ದನೆಯ ಸಲಾಕೆ ತೂರಿಸಿ ಒಳಗಿನಿಂದ ಮೀಟುತ್ತಾರೆ. ಇದನ್ನು 1927ರಲ್ಲಿ ಹೆರಾಲ್ಡ್ ಗಿಲೀಸ್ ಮತ್ತು ಅವರ ಜೊತೆಯವರು ಇಂಗ್ಲೆಂಡಿನಲ್ಲಿ ಬರೆದು ತಿಳಿಸಿದರು. ಗಾಯದ ಗುರುತು ಕೂದಲಲ್ಲಿ ಮುಚ್ಚಿಹೋಗುತ್ತೆ, ಎಷ್ಟು ಜಾಣತನ ನೋಡಿ.

ಎಲ್ಲರಿಗೂ ಎಂಟು ದಿನ ಕಾಯಲು ಆಗುವುದಿಲ್ಲ. ಪೆಟ್ಟು ಬಿದ್ದವರಿಗೆ ಎಚ್ಚರ ತಪ್ಪಿದರೆ, ವಾಂತಿ ಆದರೆ, ಕಣ್ಣು ಮಂಜಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಚಿಕ್ಕಪ್ಪ ಈಗ ರೊಟ್ಟಿ ತಿನ್ನುತ್ತಾನೆ. ತುಟಿಯ ಜೋಮು ಪೂರ್ತಿ ಹೋಗಿಲ್ಲ. ಹೋರಿಯನ್ನು ಅಜ್ಜ ಮಾರಲಿಲ್ಲ. ಪಕ್ಕದ ಚಿತ್ರ ನಾನೇ ಬರೆದದ್ದು, ಕೆಂಪು ಶಾಯಿಯ ಗೆರೆಗಳೇ ಮುರಿಯುವ ಜಾಗ.