ಬಿಳಿ ಹದ್ದು ಕಂಡಿತು: ಯಾವುದು ಅಂತ ಹೇಗೆ ಹೇಳೋದು?

ಬೋರಗಾಂವದ ಹತ್ತಿರ ದೂಧಗಂಗಾ ನದಿಯ ನೀರು ಇಳಿದು, ನಡುವೆ ಒಂದು ನಡುಗಡ್ಡೆ ಎದ್ದಿದೆ ಅಂದ್ಕೊಳ್ರಿ. ಅದರ ಮೇಲೆ ದೊಡ್ಡ ಹಕ್ಕಿಯೊಂದು ಸುತ್ತು ಹಾಕ್ತಿದೆ. ಹೊಟ್ಟೆ ಬಿಳಿ, ರೆಕ್ಕೆಯ ಹಿಂದಿನ ಅಂಚು ಕಪ್ಪು, ಬಾಲ ಬೆಣೆಯಂತೆ. ಮೊಬೈಲಿನಲ್ಲಿ ಹುಡುಕಿದ್ರೆ ಬಿಳಿ ಹೊಟ್ಟೆಯ ಕಡಲ ಹದ್ದಿನ ಚಿತ್ರ ಸರಿಯಾಗಿ ಹೊಂದುತ್ತೆ. ಸ್ಟೇಟಸ್ ಹಾಕೋ ಮೊದಲು ಸ್ವಲ್ಪ ತಡೀರಿ.

1. ಮೊದಲು ಸಾಧ್ಯತೆ ನೋಡ್ರಿ
ಪ್ರಾಬಬಿಲಿಟಿ ಪಾಠ ಇಲ್ಲಿ ಕೆಲಸಕ್ಕೆ ಬರುತ್ತೆ. ಕಡಲ ಹದ್ದು ಮುಖ್ಯವಾಗಿ ಕರಾವಳಿಯ ಹಕ್ಕಿ. ನಮ್ಮ ರಾಜ್ಯದಲ್ಲಿ ಅದರ ಹೆಸರಾಂತ ನೆಲೆ ಮುರ್ಡೇಶ್ವರದಿಂದ ಸುಮಾರು 20 ಕಿ.ಮೀ. ದೂರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪ. ಒಳನಾಡಿನಲ್ಲಿ ಕಾಣೋದೇ ಇಲ್ಲ ಅಂತಲ್ಲ, ಆದರೆ ಅಪರೂಪ. ಅಪರೂಪದ ಉತ್ತರಕ್ಕೆ ಪುರಾವೆ ಹೆಚ್ಚು ಬೇಕು.

2. ಹೋಲುವವರನ್ನು ಒಬ್ಬೊಬ್ಬರಾಗಿ ತೆಗೀರಿ
ಗರುಡ: ತಲೆ, ಎದೆ ಬಿಳಿ. ಆದರೆ ರೆಕ್ಕೆ, ಬೆನ್ನು ಇಟ್ಟಿಗೆ ಬಣ್ಣ, ಬಾಲ ದುಂಡು.
ಆಸ್ಪ್ರೆ: ಚಳಿಗಾಲದ ಅತಿಥಿ. ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟಿ, ಉದ್ದ ಕಿರಿದಾದ ರೆಕ್ಕೆ. ಮೀನಿಗಾಗಿ ಕಾಲು ಮುಂದೆ ಚಾಚಿ ನೀರಿಗೆ ಬೀಳುತ್ತೆ.
ಬಿಳಿ ರಣಹದ್ದು: ನಿಜವಾದ ಗೊಂದಲ ಇಲ್ಲೇ. ಇದಕ್ಕೂ ಬಿಳಿ ಮೈ, ಕಪ್ಪು ರೆಕ್ಕೆಯಂಚು, ಬೆಣೆ ಬಾಲ. ಆದರೆ ಮುಖ ಬೋಳು, ಹಳದಿ, ಕೊಕ್ಕು ತೆಳು. ತೇಲುವಾಗ ರೆಕ್ಕೆ ಹೆಚ್ಚುಕಮ್ಮಿ ಸಮತಟ್ಟು.
ಕಡಲ ಹದ್ದು: ಬೆನ್ನು, ರೆಕ್ಕೆಯ ಮೇಲ್ಭಾಗ ಬೂದು. ತೇಲುವಾಗ ರೆಕ್ಕೆ ಮೇಲಕ್ಕೆತ್ತಿ 'ವಿ' ಆಕಾರ. ಕೊಕ್ಕು ದಪ್ಪ, ರೆಕ್ಕೆಯ ಹರವು ಸುಮಾರು 2 ಮೀಟರ್.
ಇವೆಲ್ಲ ಬೆಳೆದ ಹಕ್ಕಿಯ ಗುರುತು. ಕಡಲ ಹದ್ದು, ರಣಹದ್ದು ಎರಡರ ಮರಿಗಳೂ ಕಂದು. ಬಣ್ಣ ಕೈಕೊಟ್ಟಾಗ ಆಕಾರವನ್ನೇ ನಂಬ್ರಿ.

3. ಹೆಸರಿಗಿಂತ ಮೊದಲು ವಿವರ
ಸಮಯ, ಬೆಳಕು, ದೂರ, ರೆಕ್ಕೆ ಹಿಡಿದ ರೀತಿ, ಮುಖ, ಬೆನ್ನು: ಹಕ್ಕಿ ಕಣ್ಮರೆಯಾಗೋ ಮೊದಲೇ ಬರೆದಿಡಿ. ಪುಸ್ತಕ ಆಮೇಲೆ ತೆಗೀರಿ. ಹೆಸರು ಮೊದಲು ಹೊಳೆದ್ರೆ ಕಣ್ಣು ಅದಕ್ಕೆ ತಕ್ಕದ್ದನ್ನೇ ಹುಡುಕುತ್ತೆ. ಫೋಟೋ ಒಂದೇ ಸಾಲದು. ಮಗ್ಗುಲು, ಮೇಲ್ಭಾಗ, ತಲೆ ಕಾಣುವಂಥವು ಬೇಕು.

4. ಇಷ್ಟೆಲ್ಲಾ ಯಾಕೆ?
ಕಡಲ ಹದ್ದಿನ ಸುದ್ದಿ ದೊಡ್ಡದು ಅಂತ ಅನಿಸಬಹುದು. ಆದರೆ ನಾವು ಸುಮ್ಮನೆ ಹೆಸರು ಬದಲಿಸಿದ ಬಿಳಿ ರಣಹದ್ದು, 2007ರಿಂದ ಜಗತ್ತಿನ ಅಪಾಯದಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. ದನಗಳಿಗೆ ಕೊಡುತ್ತಿದ್ದ ನೋವಿನ ಔಷಧ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಿಂದ ಹೊಟ್ಟೆ ಸೇರಿ ಭಾರತದ ರಣಹದ್ದುಗಳನ್ನು ಕೊಂದಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಉಳಿದಿರುವ ಹಕ್ಕಿ ಎಲ್ಲಿದೆ ಅಂತ ಗೊತ್ತಾಗೋದು ಇಂಥ ದಾಖಲೆಗಳಿಂದಲೇ. ತಪ್ಪು ಹೆಸರು ಬರೆದ್ರೆ ಇಲ್ಲದ ಹಕ್ಕಿ ಪಟ್ಟಿ ಸೇರುತ್ತೆ, ಇದ್ದ ಹಕ್ಕಿ ಬಿಟ್ಟುಹೋಗುತ್ತೆ.

ಇ-ಬರ್ಡ್‌ನಲ್ಲಿ ಅಪರೂಪದ ದಾಖಲೆ ಹಾಕಿದ್ರೆ ಪರಿಶೀಲಕರು ವಿವರ ಕೇಳ್ತಾರೆ. ಬೇಜಾರು ಮಾಡ್ಕೋಬೇಡಿ, ಟಿಪ್ಪಣಿ ಕೊಡಿ. ಖಚಿತ ಇಲ್ಲದಿದ್ರೆ "ಬೇಟೆಹಕ್ಕಿ, ಜಾತಿ ಗುರುತಿಸಲಾಗಿಲ್ಲ" ಅಂತ ಬರೆಯಿರಿ. ಅದೂ ಸರಿಯಾದ ಉತ್ತರವೇ.